ಕ್ಯಾಶುವಾಲ್ಟಿಯಲ್ಲಿ ಕಂಪ್ಯೂಟರಿನ ಸಲಹೆ

ಜ್ವರ, ಏದುಸಿರು, ಎದೆ ತುಂಬ ಕಫ. ಹೀಗೆ ಕ್ಯಾಶುವಾಲ್ಟಿಗೆ ಬಂದವರಿಗೆ ಆಂಟಿಬಯೋಟಿಕ್ ಬೇಗ ಶುರುವಾಗಬೇಕು. ಯಾವ ಕ್ರಿಮಿ, ಯಾವ ಔಷಧಿಗೆ ಬಗ್ಗುತ್ತದೆ ಎಂದು ಹೇಳುವ ಕಲ್ಚರ್ ರಿಪೋರ್ಟ್ ಬರಲು ಮಾತ್ರ ಎರಡು ಮೂರು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಅಂದಾಜೇ ಗತಿ. ಆಗ ‘ಯಾವುದಕ್ಕೂ ಇರಲಿ’ ಎಂದು ಜೋರಾದ ಔಷಧಿಯತ್ತಲೇ ಕೈ ಹೋಗುತ್ತದೆ. ಸರಿರಾತ್ರಿಯಲ್ಲಿ, ಬಾಗಿಲಲ್ಲಿ ಇನ್ನೂ ಹತ್ತು ಜನ ಕಾದಿರುವಾಗ, ಡ್ಯೂಟಿ ಡಾಕ್ಟರನ್ನು ದೂರಲು ನನಗಂತೂ ಬಾಯಿ ಬರದು. ಆದರೆ ಹೀಗೆ ಬಳಸಿ ಬಳಸಿಯೇ ಆ ಔಷಧಿಗಳೂ ನಾಟದಂತಾಗುತ್ತಿವೆ.

ಈ ಅಂದಾಜಿಗೆ ಕಂಪ್ಯೂಟರಿನ ನೆರವು ಪಡೆಯುವ ಯೋಚನೆ ಹಳೆಯದು. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ರೂಪಿಸಿದ ‘ಮೈಸಿನ್’ ಎಂಬ ಪ್ರೋಗ್ರಾಂ, ಮೆನಿಂಜೈಟಿಸ್‌ಗೆ ಔಷಧಿ ಆರಿಸುವ ಪರೀಕ್ಷೆಯಲ್ಲಿ ತಜ್ಞರಿಗೆ ಸರಿಸಮನಾಗಿ ನಿಂತಿತ್ತು. ಆದರೂ ವಾರ್ಡಿಗೆ ಕಾಲಿಡಲಿಲ್ಲ. ಅದರ ಪ್ರಶ್ನೆಗಳಿಗೆಲ್ಲ ಡಾಕ್ಟರು ಕೂತು ಒಂದೊಂದಾಗಿ ಉತ್ತರ ಟೈಪ್ ಮಾಡಬೇಕಿತ್ತು. ಅಷ್ಟು ಪುರುಸೊತ್ತು ಯಾರಿಗಿದೆ?

ಯೂಟಾ ರಾಜ್ಯದ ಇಂಟರ್‌ಮೌಂಟೇನ್ ಆಸ್ಪತ್ರೆಗಳ ‘ಇ-ನ್ಯುಮೋನಿಯಾ’ ಪ್ರೋಗ್ರಾಂ ಹಾಗಲ್ಲ. ನಾಡಿ, ಉಸಿರಾಟದ ವೇಗ, ಲ್ಯಾಬ್ ಮತ್ತು ಎಕ್ಸ್‌ರೇ ವರದಿಗಳನ್ನು ತಾನೇ ಓದಿಕೊಳ್ಳುತ್ತದೆ. ನ್ಯುಮೋನಿಯಾದ ಗುಮಾನಿ ಬಂದರಷ್ಟೇ ಡಾಕ್ಟರನ್ನು ಎಚ್ಚರಿಸುತ್ತದೆ. ಅವರು ಹೌದೆಂದರೆ ಕಾಯಿಲೆ ಎಷ್ಟು ತೀವ್ರ, ಮನೆಗೆ ಕಳಿಸಬಹುದೇ, ಐಸಿಯು ಬೇಕೇ, ಯಾವ ಆಂಟಿಬಯೋಟಿಕ್ ಎಂಬುದನ್ನು ಪರದೆಯ ಮೇಲೆ ತೋರಿಸುತ್ತದೆ. 16 ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಇದನ್ನು ಹಂತಹಂತವಾಗಿ ತಂದಾಗ, 30 ದಿನದೊಳಗಿನ ಸಾವು ಶೇ 8.6ರಿಂದ 4.8ಕ್ಕೆ ಇಳಿಯಿತೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಇದರ ಶ್ರೇಯವೆಲ್ಲ ಔಷಧಿಯ ಆಯ್ಕೆಯದ್ದೇ ಅಲ್ಲ. ಯಾರನ್ನು ಎಲ್ಲಿ ಸೇರಿಸಬೇಕೆಂಬ ತೀರ್ಮಾನವೂ ಅದರಲ್ಲಿ ಸೇರಿದೆ.

2024ರಲ್ಲಿ ವರದಿಯಾದ ‘ಇನ್‌ಸ್ಪೈರ್’ ಪ್ರಯೋಗ ಇನ್ನೂ ಸರಳ. ಅಮೆರಿಕದ 59 ಆಸ್ಪತ್ರೆಗಳಲ್ಲಿ ನಡೆದದ್ದು. ಡಾಕ್ಟರು ಜೋರಾದ ಔಷಧಿ ಬರೆಯಲು ಹೊರಟಾಗ, ಆ ರೋಗಿಗೆ ಔಷಧಿಗೆ ಬಗ್ಗದ ಮೊಂಡು ಕ್ರಿಮಿ ತಗಲಿರುವ ಸಾಧ್ಯತೆ ಶೇ 10ಕ್ಕಿಂತ ಕಡಿಮೆಯಿದ್ದರೆ ‘ಮಾಮೂಲಿ ಔಷಧಿ ಸಾಕು’ ಎಂದು ಪರದೆ ಸೂಚಿಸುತ್ತಿತ್ತು. ಒಪ್ಪುವುದು, ಬಿಡುವುದು ಡಾಕ್ಟರಿಗೆ ಬಿಟ್ಟದ್ದು. ತರಬೇತಿಯೂ ಜೊತೆಗಿತ್ತು. ನ್ಯುಮೋನಿಯಾ ರೋಗಿಗಳಲ್ಲಿ ಜೋರು ಔಷಧಿಯ ಬಳಕೆ ಶೇ 28ರಷ್ಟು ತಗ್ಗಿತು; ಐಸಿಯುಗೆ ಹೋದವರ ಸಂಖ್ಯೆ ಹೆಚ್ಚಲಿಲ್ಲ.

ಇದನ್ನು ಹಾಗೆಯೇ ನಮ್ಮಲ್ಲಿಗೆ ಎತ್ತಿ ತರಲಾಗದು. ಅಲ್ಲಿಯ ಲೆಕ್ಕ ಅಲ್ಲಿಯ ಕ್ರಿಮಿಗಳದು. ಔಷಧಿಗೆ ಬಗ್ಗದವು ಇಲ್ಲಿ ಹೆಚ್ಚು. ಅವುಗಳ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಜಾಲ ಕಲೆಹಾಕುವ ಅಂಕಿಅಂಶ ಬಹುಪಾಲು ದೊಡ್ಡ ಆಸ್ಪತ್ರೆಗಳದು. ಜಿಲ್ಲಾಸ್ಪತ್ರೆಯ ಲ್ಯಾಬಿನ ಫಲಿತಾಂಶಗಳು ಮೊದಲು ಕಂಪ್ಯೂಟರಿಗೆ ಏರಲಿ. ಅದಾಗುವವರೆಗೆ ಅಲ್ಲಿನ ಕ್ಯಾಶುವಾಲ್ಟಿಗೆ ಯಂತ್ರ ಕೊಡುವ ಸಲಹೆಯೂ ಅಂದಾಜೇ.