ಬೋಟ್ ಓಡಿದರೂ ಮೀಟರ್ ಓಡದು! ಬ್ಯಾಟರಿ ವೀಕಾದರೆ ಲೆಕ್ಕ ತಪ್ಪುವುದು ಹೀಗೆ

ಜೂನ್ 1ರಿಂದ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟ್‌ಗಳ ಮೀನುಗಾರಿಕೆಗೆ ನಿಷೇಧ. ಮಲ್ಪೆಯಾಗಲಿ, ಮುಂಬೈನ ಸಸೂನ್ ಡಾಕ್ ಆಗಲಿ, ದಡದಲ್ಲಿ ಸುಮ್ಮನೆ ಕೂತ ಬೋಟ್‌ನ ಬ್ಯಾಟರಿ ಅಷ್ಟರಲ್ಲಿ ಸೊರಗಿರುತ್ತದೆ. ಪೆಟ್ಟು ಬೀಳುವುದು ಸ್ಟಾರ್ಟಿಂಗ್‌ಗೆ ಮಾತ್ರವಲ್ಲ, ಅವರ್ ಮೀಟರ್‌ಗೂ.

ಬೋಟ್ ಎಂಜಿನ್‌ಗೆ ಕಿಲೋಮೀಟರ್ ಲೆಕ್ಕವಿಲ್ಲ, ಗಂಟೆ ಲೆಕ್ಕ. ಆಯಿಲ್ ಬದಲಿಸುವುದು ಅದನ್ನು ನೋಡಿಯೇ, ಸೆಕೆಂಡ್ ಹ್ಯಾಂಡ್ ಬೋಟ್‌ಗೆ ಬೆಲೆ ಕಟ್ಟುವಾಗಲೂ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಆದರೆ ಸಾಮಾನ್ಯ ಮೀಟರ್‌ಗೆ ಎಂಜಿನ್ ಓಡುತ್ತಿದೆಯೇ ಎಂಬುದು ಗೊತ್ತಾಗದು. ವೈರ್‌ನಲ್ಲಿ ಕರೆಂಟ್ ಬಂದರೆ ಎಣಿಸುತ್ತದೆ, ಅಷ್ಟೇ. ಕೀ ಆನ್ ಮಾಡಿ ಮರೆತರೆ ನಿಂತಲ್ಲೇ ಗಂಟೆ ಏರುತ್ತದೆ, ಬ್ಯಾಟರಿ ಇಳಿಯುತ್ತದೆ. ಆಯಿಲ್ ಪ್ರೆಷರ್ ಸ್ವಿಚ್ ಮೂಲಕ ಜೋಡಿಸಿದರೆ ಈ ಕಾಟ ತಪ್ಪುತ್ತದೆ.

ಉಲ್ಟಾ ಆದಾಗಲೇ ಹೆಚ್ಚು ಅಪಾಯ. ಮೆಕ್ಯಾನಿಕಲ್ ಪಂಪ್‌ನ ಹಳೆಯ ಡೀಸೆಲ್ ಎಂಜಿನ್ ಒಮ್ಮೆ ಸ್ಟಾರ್ಟ್ ಆದರೆ ಸಾಮಾನ್ಯವಾಗಿ ಬ್ಯಾಟರಿಯ ಹಂಗಿಲ್ಲದೆ ಓಡುತ್ತದೆ. ಆಲ್ಟರ್ನೇಟರ್ ಚಾರ್ಜ್ ಮಾಡದಿದ್ದರೆ ವೋಲ್ಟೇಜ್ ಕುಸಿದು ಮೀಟರ್ ನಿಲ್ಲುತ್ತದೆ, ಆಯಿಲ್ ಮಾತ್ರ ಸವೆಯುತ್ತಲೇ ಇರುತ್ತದೆ.

ಮಲ್ಟಿಮೀಟರ್ ಹಿಡಿದು ನೋಡಿ. 12 ವೋಲ್ಟ್ ಬ್ಯಾಟರಿ ಎಂಜಿನ್ ಆಫ್ ಇದ್ದಾಗ 12.6ರ ಆಸುಪಾಸು, ಓಡುವಾಗ 13.8ರಿಂದ 14.4 ತೋರಿಸಬೇಕು. ಓಡುವಾಗಲೂ 12ರಲ್ಲೇ ನಿಂತಿದ್ದರೆ ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ಬೆಲ್ಟ್, ಆಲ್ಟರ್ನೇಟರ್, ಉಪ್ಪು ಹಿಡಿದ ಟರ್ಮಿನಲ್ ಪರೀಕ್ಷಿಸಿ.