‘ಹ್ಯಾವ್’ ಎಂಬ ಒಗಟು

ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯ ವಿದ್ಯಾರ್ಥಿಯೊಬ್ಬನು “ನನಗೆ ಇಬ್ಬರು ತಮ್ಮಂದಿರಿದ್ದಾರೆ” ಎಂಬುದನ್ನು ಪದಕ್ಕೆ ಪದವಿಟ್ಟು, “ಟು ಮಿ ಟೂ ಬ್ರದರ್ಸ್ ಆರ್” ಎಂದು ಇಂಗ್ಲಿಷಿಗೆ ತಿರುಗಿಸಿದರೆ ನಾವು ಅದನ್ನು ದಡ್ಡತನವೆನ್ನಲಾಗದು. ಇಂಗ್ಲಿಷಿನ ‘ಹ್ಯಾವ್’ ಕ್ರಿಯಾಪದಕ್ಕೆ ಸರಿಸಮನಾದುದು ದಿನಬಳಕೆಯ ಕನ್ನಡದಲ್ಲಿಲ್ಲ. ‘ಇರು’ ಧಾತುವಿನಿಂದಲೇ ನಾವು ಆ ಕೆಲಸವನ್ನು ಸಾಗಿಸುತ್ತೇವೆ: ನಂಟಿಗೂ ಜ್ವರಕ್ಕೂ ‘ನನಗೆ’, ಕೈಯಲ್ಲಿರುವ ಹಣಕ್ಕೆ ‘ನನ್ನ ಬಳಿ’. ಇಂಗ್ಲಿಷಿನಲ್ಲಿ ಈ ಮೂರಕ್ಕೂ ‘ಐ ಹ್ಯಾವ್’ ಒಂದೇ ಸಾಕು. ರಷ್ಯನ್ನರೂ ನಮ್ಮಂತೆ ‘ನನ್ನ ಬಳಿ ಇದೆ’ ಎನ್ನುವವರೇ.

ಸ್ಪ್ಯಾನಿಷ್ ಭಾಷೆಯಲ್ಲಿ ‘ತೆನೆರ್’ ಎಂಬ ಸಮಪದವುಂಟು. ಆದರೂ ಅವರಿಗೆ ತೊಡಕು ತಪ್ಪಿಲ್ಲ. ಅವರು ‘ಹಸಿವನ್ನು ಹೊಂದಿದ್ದೇನೆ’ ಎಂಬಂತೆ ಹೇಳುವಲ್ಲಿ ಇಂಗ್ಲಿಷರು ‘ಐ ಆಮ್ ಹಂಗ್ರಿ’ ಎನ್ನುತ್ತಾರೆ. ನಮಗಾದರೋ ಹಸಿವು ‘ಆಗುತ್ತದೆ’. ಆದುದರಿಂದ ಬಿಡಿ ಪದಗಳಿಗಿಂತ ಇಡೀ ವಾಕ್ಯಗಳನ್ನು ರೂಢಿಸಿಕೊಳ್ಳುವುದೇ ಲೇಸು.