ಬೋರ್ಡು ನೋಡಬೇಡಿ, ಹೊತ್ತು ನೋಡಿ

ಹಳದೀಪುರದ ಬಸ್‌ಸ್ಟಾಪಿನಲ್ಲಿ ಇಳಿದು "ಇಲ್ಲಿ ಒಳ್ಳೆ ಹೋಟ್ಲು ಯಾವುದು?" ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಹೋಟೆಲಿನ ಹೆಸರಲ್ಲ. "ಈಗ ಗಂಟೆ ಎಷ್ಟಾಯ್ತು?" ಎಂದು ಕೇಳುತ್ತೇನೆ. ಬೆಳಿಗ್ಗೆ ಎಂಟಕ್ಕೆ ನಿಂತು ತಿನ್ನಲೂ ಜಾಗವಿಲ್ಲದ ಹೋಟೆಲಿನಲ್ಲಿ ಮಧ್ಯಾಹ್ನ ಒಂದಕ್ಕೆ ಬರೀ ಬೆಂಚು ಇರುತ್ತದೆ. ಒಂದೂವರೆಗೆ ಜನ ಸಾಲು ನಿಲ್ಲುವ ಖಾನಾವಳಿಯ ಬಾಗಿಲು ಮೂರಕ್ಕೆ ಹಾಕಿರುತ್ತದೆ. ಕುಮಟಾದಿಂದ ಭಟ್ಕಳದ ತನಕ ನಮ್ಮ ಈ ಕರಾವಳಿಯಲ್ಲಿ ತಿನ್ನುವ ಜಾಗವನ್ನು ಹೊತ್ತು ನೋಡಿ ಆರಿಸಬೇಕು, ಮೀನಾದರೆ ಸಮುದ್ರವನ್ನೂ ಕೇಳಬೇಕು.

ಇದನ್ನು ನಾನು ಯಾರಿಂದಲೋ ಕೇಳಿ ಹೇಳುತ್ತಿಲ್ಲ. ನಿವೃತ್ತಿಯಾಗುವ ತನಕ ಇದೇ ರಸ್ತೆಯ ಬಸ್ಸುಗಳಲ್ಲಿ ಟಿಕೆಟ್ ಹರಿದವನು ನಾನು. ಕುಮಟಾ, ಧಾರೇಶ್ವರ, ಹಳದೀಪುರ, ಕರ್ಕಿ, ಹೊನ್ನಾವರ, ಶರಾವತಿ ಸೇತುವೆ, ಕಾಸರಕೋಡ, ಮಂಕಿ, ಮುರುಡೇಶ್ವರ, ಶಿರಾಲಿ, ಭಟ್ಕಳ. ಕಂಡಕ್ಟರಿಗೆ ಹಸಿವಾಗುವ ಹೊತ್ತಿಗೆ ಬಸ್ಸು ಎಲ್ಲಿರುತ್ತದೋ ಅಲ್ಲೇ ಊಟ, ಅದೂ ಹತ್ತೇ ನಿಮಿಷದಲ್ಲಿ. ಹಾಗಾಗಿ ಬೇಗ ಬಡಿಸುವ, ಬಿಸಿಯಾಗಿ ಬಡಿಸುವ, ನಾಳೆಯೂ ಮುಖ ನೋಡಬೇಕೆಂಬ ದಾಕ್ಷಿಣ್ಯವಿರುವ ಜಾಗಗಳೇ ನಮಗೆ ಬೇಕಾಗಿದ್ದವು. ಪ್ರವಾಸಕ್ಕೆ ಬಂದವರಿಗೆ ಬೇಕಾದದ್ದೂ ಅದೇ ಎಂದು ನನ್ನ ನಂಬಿಕೆ.

ಬೆಳಗಿನ ಹೊತ್ತಿಗೆ ಬನ್ಸ್. ಉಡುಪಿ, ಮಂಗಳೂರಿನವರು ಇದನ್ನು ತಮ್ಮದೆನ್ನುತ್ತಾರೆ, ಅನ್ನಲಿ. ಕುಮಟಾ, ಹೊನ್ನಾವರದ ಹೋಟೆಲುಗಳಲ್ಲಿ ಬನ್ಸ್ ಇಲ್ಲದ ಬೆಳಗು ನನಗೆ ನೆನಪಿಲ್ಲ. ಹಣ್ಣಾಗಿ ಸಿಪ್ಪೆ ಕಪ್ಪಾದ ಬಾಳೆಹಣ್ಣನ್ನು ಹಿಸುಕಿ, ಮೈದಾ, ಸಕ್ಕರೆ, ಮೊಸರು, ಜೀರಿಗೆ, ಚಿಟಿಕೆ ಸೋಡಾ ಹಾಕಿ ರಾತ್ರಿಯೇ ಕಲಸಿಡುತ್ತಾರೆ. ಬೆಳಗಿನೊಳಗೆ ಹಿಟ್ಟು ಹುಳಿ ಬಂದು ಉಬ್ಬಿರುತ್ತದೆ. ಪೂರಿಗಿಂತ ದಪ್ಪಗೆ ಲಟ್ಟಿಸಿ ಎಣ್ಣೆಗೆ ಬಿಟ್ಟರೆ ಹೊರಗೆ ಕಂದು, ಒಳಗೆ ಮೆತ್ತಗೆ. ರಾತ್ರಿ ಕಲಸಿದ ಹಿಟ್ಟು ಮುಗಿದರೆ ಬನ್ಸೂ ಮುಗಿಯಿತು. ಮಾಲೀಕರು ಮನಸ್ಸು ಮಾಡಿದರೂ ಹತ್ತು ಗಂಟೆಗೆ ಹೊಸದಾಗಿ ಕಲಸಿ ಕೊಡಲಿಕ್ಕೆ ಬರುವುದಿಲ್ಲ. ಒಂಬತ್ತರೊಳಗೆ ಹೋಗಿ ಎಂದು ನಾನು ಹೇಳುವುದು ಅದಕ್ಕೇ.

ಜೊತೆಗೆ ಬಾಜಿ ಕೇಳಿದರೆ ಸಪ್ಲೈಯರ್ "ಪಾತಳವೋ ಸುಕ್ಕಾವೋ?" ಎಂದು ಕೇಳುತ್ತಾನೆ. ಪಾತಳ ಬಾಜಿ ತೆಳ್ಳಗಿನ ರಸದ್ದು, ಬಟಾಣಿಯೋ ಬಟಾಟೆಯೋ ಇರುತ್ತದೆ. ಸುಕ್ಕಾ ಬಾಜಿ ಒಣಗಿದ ಪಲ್ಯ. ಬನ್ಸಿಗೆ ಪಾತಳ, ಪೂರಿಗೆ ಸುಕ್ಕಾ ಎಂಬುದು ನನ್ನ ಪಕ್ಷ. ಎರಡನ್ನೂ ಬೆರೆಸಿ ತಿನ್ನುವವರೂ ಇದ್ದಾರೆ, ಅವರ ಮೇಲೆ ನನಗೆ ಸಿಟ್ಟಿಲ್ಲ.

ಬನ್ಸಿನ ಮೇಲೆ ಚಾ ಕುಡಿಯುವ ಬದಲು ಒಮ್ಮೆ ಕಷಾಯ ಕೇಳಿ. ಹವ್ಯಕರ ಮನೆಗಳಿಂದ ನಮ್ಮ ಕಡೆಯ ಹೋಟೆಲುಗಳಿಗೆ ಬಂದ ಪಾನೀಯವಿದು. ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು ಹುರಿದು ಮಾಡಿದ ಪುಡಿಯನ್ನು ಬೆಲ್ಲದ ನೀರಲ್ಲಿ ಕುದಿಸಿ ಹಾಲು ಹಾಕುತ್ತಾರೆ. ರಾತ್ರಿ ಬಸ್ಸಿನಲ್ಲಿ ಕುತ್ತಿಗೆ ಓಲಾಡಿಸಿಕೊಂಡು ಬೆಂಗಳೂರಿನಿಂದ ಬಂದು ಇಳಿದವರಿಗೆ ಇದಕ್ಕಿಂತ ಒಳ್ಳೆಯ ಉಪಚಾರ ಬೇರೆ ಇಲ್ಲ.

ಈಗ ಮಧ್ಯಾಹ್ನದ ಮಾತು. ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ಬರುವವರು ಹೆಚ್ಚಾಗಿ ಎಡವುವುದೂ ಇಲ್ಲೇ.

ನಾನು ಕೆಲಸದಲ್ಲಿದ್ದಾಗ ಕಾಸರಕೋಡ ಟೊಂಕದ ಕಡೆಯಿಂದ ಮೀನು ಮಾರುವ ಹೆಂಗಸರು ಬುಟ್ಟಿ ಹೊತ್ತು ಬಸ್ಸಿಗೆ ಬರುತ್ತಿದ್ದರು. ಬುಟ್ಟಿಯ ಮೇಲಿನ ಎಲೆ ಸರಿಸಿ ತೋರಿಸಿ, "ಇವತ್ತು ಬಂಗಡೆ ಬಿದ್ದದೆ" ಎಂದು ಅವರೇ ಹೇಳುವರು. ಆ ಮಧ್ಯಾಹ್ನ ಎಲ್ಲಿ ಉಣ್ಣಬೇಕೆಂದು ನಾನೂ ಡ್ರೈವರೂ ಅಲ್ಲಿಗೇ ತೀರ್ಮಾನಿಸಿಬಿಡುತ್ತಿದ್ದೆವು. ಬಂಗಡೆಯ ಸಾರು ಚೆನ್ನಾಗಿ ಮಾಡುವ ಖಾನಾವಳಿ ಬೇರೆ, ನೊಗ್ಲಿಯನ್ನು ಮುರಿಯದಂತೆ ಹುರಿಯುವ ಕೈ ಬೇರೆ. ಆ ಖಾನಾವಳಿಗಳಲ್ಲಿ ಗೋಡೆಗೆ ಮೆನು ಇದ್ದರೂ ಅದನ್ನು ಯಾರೂ ನೋಡುವುದಿಲ್ಲ. "ಅಕ್ಕಾ, ಇವತ್ತು ಏನು ಬಂದದೆ?" ಎಂದು ಕೇಳಬೇಕು. ಬಂದದ್ದನ್ನು ತಿನ್ನಬೇಕು. ಇಸ್ವಾಣವೇ ಬೇಕೆಂದು ಹಟ ಹಿಡಿದರೆ ಸಿಗುತ್ತದೆ, ಐಸಿನಲ್ಲಿ ಕೂತದ್ದು. ಅದರ ದುಡ್ಡೂ ಜಾಸ್ತಿ, ರುಚಿಯೂ ಕಡಿಮೆ.

ಒಂದು ತಟ್ಟೆ ಮೀನೂಟದಲ್ಲಿ ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಹುರಿದ ತುಂಡು, ಒಂದು ಪಲ್ಯ, ಉಪ್ಪಿನಕಾಯಿ, ಕೊನೆಗೆ ಗುಲಾಬಿ ಬಣ್ಣದ ಸೋಲ್‌ಕಡಿ ಬರುತ್ತವೆ. ಸಾರಿಗೆ ಕಾಯಿತುರಿ, ಬ್ಯಾಡಗಿ ಮೆಣಸು, ಕೊತ್ತಂಬರಿ ನುಣ್ಣಗೆ ಅರೆದು, ಹುಳಿಗೆ ಮುರುಗಲ ಸಿಪ್ಪೆ ಹಾಕುತ್ತಾರೆ. ಬಂಗಡೆ, ತಾರ್ಲೆಯಂಥ ಎಣ್ಣೆಯಂಶದ ಮೀನಾದರೆ ಟೆಫಳ ಕಾಯಿಯನ್ನು ಜಜ್ಜಿ ಹಾಕುವುದುಂಟು. ನಾಲಗೆ ಸ್ವಲ್ಪ ಜುಮ್ಮೆನ್ನುತ್ತದೆ, ಮೀನಿನ ವಾಸನೆ ತಗ್ಗುತ್ತದೆ. ಕಾಯನ್ನು ಜಗಿಯಬೇಡಿ, ಬದಿಗಿಡಿ. ಅದೇ ಮುರುಗಲ ಹಣ್ಣಿನ ಒಣಸಿಪ್ಪೆ ನೆನೆಸಿದ ನೀರಿಗೆ ತೆಂಗಿನ ಹಾಲು ಬೆರೆಸಿದರೆ ಸೋಲ್‌ಕಡಿ. ಖಾರದ ಊಟದ ಮೇಲೆ ಹೊಟ್ಟೆ ತಣ್ಣಗಾಗಲಿಕ್ಕೆ ಅದನ್ನು ಕುಡಿಯುತ್ತಾರೆ.

ಬಳಚಿನ ವಿಷಯ ಮಾತ್ರ ನಿಂತು ಹೇಳಬೇಕು. ಚಿಪ್ಪಿನೊಳಗಿನ ಈ ಜೀವಿಯನ್ನು ಕಾಯಿಮಸಾಲೆಯಲ್ಲಿ ಸುಕ್ಕಾ ಮಾಡಿದರೆ ಬಂಗಡೆಯನ್ನೂ ಮರೆಸುತ್ತದೆ. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುತ್ತದೆ, ಕುಮಟಾದ ಹತ್ತಿರ ಅಘನಾಶಿನಿ ಸೇರುತ್ತದೆ. ಎರಡೂ ಅಳಿವೆಗಳೇ, ಆದರೆ ಬಳಚು ಸಮೃದ್ಧವಾಗಿ ಸಿಗುವುದು ಅಘನಾಶಿನಿಯಲ್ಲಿ. ಕಾರಣ ಘಟ್ಟದ ಮೇಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ವಿದ್ಯುತ್ ಉತ್ಪಾದನೆಯಾಗಿ ಹೊರಬೀಳುವ ಸಿಹಿನೀರು ವರ್ಷವಿಡೀ ಶರಾವತಿಯಲ್ಲಿ ಹರಿಯುತ್ತದೆ. ಬೇಸಿಗೆಯಲ್ಲಿ ನೀರು ಎಷ್ಟು ಉಪ್ಪಾಗಬೇಕೋ ಅಷ್ಟು ಉಪ್ಪಾಗುವುದಿಲ್ಲ, ಉಪ್ಪು ಬೇಡುವ ಚಿಪ್ಪುಜೀವಿಗಳು ಅಲ್ಲಿ ಕಡಿಮೆಯಾದವು. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಇಳಿತದ ಹೊತ್ತಿಗೆ ಜನ ಕೆಸರಿಗೆ ಇಳಿದು ಇಂದಿಗೂ ಬಳಚು ಆಯುತ್ತಾರೆ. 2024ರ ಜನವರಿಯಲ್ಲಿ ಆ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಹೊನ್ನಾವರದಲ್ಲಿ ನಿಮ್ಮ ತಟ್ಟೆಗೆ ಬಳಚು ಬಂದರೆ ಅದು ಕುಮಟಾದ ಕಡೆಯಿಂದ ಬಂದಿರುವ ಸಂಭವವೇ ಹೆಚ್ಚು. ನದಿಯನ್ನು ಅದರ ಪಾಡಿಗೆ ಹರಿಯಲು ಬಿಟ್ಟದ್ದರ ಫಲ ಅದು ಎಂದು ನೆನೆದು ತಿನ್ನಿ.

ಮಳೆಗಾಲದಲ್ಲಿ ಬಂದರೆ? ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿಮಾಡುವ ಕಾಲ. ಆಗ "ಫ್ರೆಶ್ ಇಸ್ವಾಣ" ಎಂದು ಯಾರಾದರೂ ಹೇಳಿದರೆ ನಂಬುವ ಮೊದಲು ಯೋಚಿಸಿ. ಹೊಳೆಮೀನು, ಒಣಶೆಟ್ಲಿಯ (ಒಣಸಿಗಡಿಯ) ಚಟ್ನಿ, ಒಣಬಂಗಡೆ ಸುಟ್ಟದ್ದು ಕೇಳಿ, ಗಂಜಿಯ ಜೊತೆ. ಮೀನು ತಿನ್ನದವರಿಗೆ ಆ ತಿಂಗಳುಗಳೇ ಹಬ್ಬ: ಕೆಸುವಿನೆಲೆಯ ಪತ್ರೊಡೆ, ಬಗೆಬಗೆಯ ತಂಬುಳಿ, ಹಲಸಿನ ಹಪ್ಪಳ. ಎಲ್ಲ ಹೋಟೆಲಿನಲ್ಲಿ ಇರುವುದಿಲ್ಲ. ಗಲ್ಲೆಯ ಮೇಲೆ ಕೂತವರನ್ನು ವಿಚಾರಿಸಿದರೆ, ಇಂದಿಲ್ಲದಿದ್ದರೆ ಯಾವ ದಿನ ಮಾಡುತ್ತಾರೆಂದಾದರೂ ಹೇಳುತ್ತಾರೆ.

ಬೇಸಿಗೆಯಲ್ಲಿ ಹಳದೀಪುರದಿಂದ ಉತ್ತರಕ್ಕೆ ಹೋಗುವವರು ಕುಮಟಾ ಸಮೀಪ ಅಳ್ವೆಕೋಡಿ, ಹಂದಿಗೋಣದ ರಸ್ತೆಬದಿಯಲ್ಲಿ ಗಾಡಿ ನಿಲ್ಲಿಸಿ. ಭತ್ತದ ಗದ್ದೆಯಲ್ಲೇ ಕೊಯ್ಲಾದ ಮೇಲೆ ಬೆಳೆದ ಈರುಳ್ಳಿಯನ್ನು ಜಡೆ ಹೆಣೆದಂತೆ ಹೆಣೆದು ಸಾಲಾಗಿ ತೂಗುಹಾಕಿರುತ್ತಾರೆ. ಹಸಿಯಾಗಿ ಕಚ್ಚಿ ತಿಂದರೂ ಘಾಟಿಲ್ಲ, ಸಿಹಿ. ಮೀನೂಟದ ತಟ್ಟೆಯ ಬದಿಗೆ ಆ ಈರುಳ್ಳಿಯ ಹೋಳು ಇಡುವ ಖಾನಾವಳಿ ಕಂಡರೆ ಧೈರ್ಯವಾಗಿ ಕೂರಿ. ತರಕಾರಿ ಕೊಳ್ಳುವುದರಲ್ಲಿ ಇಷ್ಟು ಕಾಳಜಿ ಇರುವವರು ಮೀನಿನಲ್ಲಿ ಮೋಸ ಮಾಡುವುದಿಲ್ಲ ಎಂಬುದು ನನ್ನ ಅನುಭವ.

ದಕ್ಷಿಣಕ್ಕೆ ಹೊರಟವರ ದಾರಿಯಲ್ಲಿ ಮುರುಡೇಶ್ವರ ಬರುತ್ತದೆ. ಅಲ್ಲಿ ಸಮುದ್ರದ ಮೇಲೇ ಕಂಬ ನಿಲ್ಲಿಸಿ ಕಟ್ಟಿದ ನವೀನ್ ಬೀಚ್ ರೆಸ್ಟೋರೆಂಟಿಗೆ ಜನ ಅಲೆ ನೋಡಲು ಹೋಗುತ್ತಾರೆ. ಮಕ್ಕಳಿದ್ದರೆ ಹೋಗಿ ಬನ್ನಿ. ಇಡಗುಂಜಿ ಗಣಪತಿಗೆ ಹೋದವರು ಪಂಚಕಜ್ಜಾಯ ಬಿಟ್ಟು ಬರುವುದಿಲ್ಲ, ಅದನ್ನು ನಾನು ಹೇಳಬೇಕಾಗಿಲ್ಲ.

ಭಟ್ಕಳ ಮುಟ್ಟುವುದು ಸಂಜೆಯೋ ರಾತ್ರಿಯೋ ಆಗಲಿ. ಅರಬ್ ವ್ಯಾಪಾರಿಗಳ ಸಂತತಿಯೆಂದು ಹೇಳಿಕೊಳ್ಳುವ ನವಾಯತರ ಊರು ಅದು. ಅವರ ಬಿರಿಯಾನಿ ಹೈದರಾಬಾದಿನದರ ಹಾಗಲ್ಲ. ಈರುಳ್ಳಿಯನ್ನು ರಾಶಿಗಟ್ಟಲೆ ಹಾಕಿ, ಅದು ಕರಗಿ ಮಸಾಲೆಯೇ ಆಗುವ ತನಕ ಮಾಂಸದ ಜೊತೆ ಬೇಯಿಸುತ್ತಾರೆ. ಅನ್ನ ಬೇರೆ ಬೆಂದು, ಕೊನೆಗೆ ಎರಡೂ ಪದರಪದರವಾಗಿ ಸೇರುತ್ತವೆ. ಖಾರ ಮೈಮೇಲೆ ಬೀಳುವುದಿಲ್ಲ, ಮಸಾಲೆಯಲ್ಲಿ ಸಣ್ಣ ಸಿಹಿ ಇರುತ್ತದೆ. ಮಟನ್, ಕೋಳಿಯಷ್ಟೇ ಅಲ್ಲ, ಮೀನು, ಶೆಟ್ಲಿಯ ಬಿರಿಯಾನಿಯೂ ಇದೆ. ಅನ್ನದ ಬದಲು ಶಾವಿಗೆಯಲ್ಲಿ ಮಾಡುವ ಶಯ್ಯೊ ಬಿರಿಯಾನಿ ಹೆಚ್ಚಾಗಿ ಮನೆಯದು. ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಈದ್ ದಿನ ಅದನ್ನು ಉಂಡದ್ದರಿಂದ ಹೇಳುತ್ತಿದ್ದೇನೆ, ಯಾರಾದರೂ ಕರೆದರೆ ಬೇಡ ಎನ್ನಬೇಡಿ. ರಂಜಾನ್ ತಿಂಗಳಾದರೆ ರಾತ್ರಿ ಪೇಟೆಯೇ ತೆರೆದಿರುತ್ತದೆ. ಜಾತಿಧರ್ಮ ನೋಡದೆ ಎಲ್ಲರೂ ಅಲ್ಲಿ ಓಡಾಡುತ್ತ ತಿನ್ನುವುದನ್ನು ನಾನು ವರ್ಷ ವರ್ಷ ಕಂಡಿದ್ದೇನೆ. ಭಟ್ಕಳದ ಬಗ್ಗೆ ಪೇಪರಿನಲ್ಲಿ ಬರುವ ಸುದ್ದಿಗಳ ಜೊತೆ ಇದನ್ನೂ ಜನ ತಿಳಿಯಬೇಕು.

ಹೆದ್ದಾರಿಯ ಮಾತಿಲ್ಲದೆ ಇದು ಮುಗಿಯುವುದಿಲ್ಲ. ಹಿಂದೆ 17 ಎನ್ನುತ್ತಿದ್ದ, ಈಗ 66 ಆಗಿರುವ ಈ ಹೆದ್ದಾರಿ ಚತುಷ್ಪಥವಾಗುತ್ತ ಬಂದ ಹಾಗೆ ರಸ್ತೆಗೆ ತಾಗಿಕೊಂಡಿದ್ದ ಎಷ್ಟೋ ಗೂಡಂಗಡಿ, ಹೋಟೆಲು ಹೋದವು. ಕೆಲವು ಹಿಂದೆ ಸರಿದು ಒಳರಸ್ತೆಗೆ ಬಿದ್ದವು. ನಾನು ದಿನವೂ ಚಾ ಕುಡಿಯುತ್ತಿದ್ದ ಒಂದು ಹಂಚಿನ ಮಾಡಿನ ಹೋಟೆಲು ಇದ್ದ ಜಾಗದಲ್ಲಿ ಈಗ ಡಾಂಬರಿದೆ. ರಸ್ತೆ ಬೇಕು, ಅಪಘಾತ ತಪ್ಪಬೇಕು, ಅದನ್ನು ಕಂಡಕ್ಟರನಾಗಿದ್ದ ನಾನು ಬಲ್ಲೆ. ಆದರೆ ಕಾರುಗಳು ಈಗ ಹೊನ್ನಾವರ, ಕುಮಟಾ ಪೇಟೆಗಳಿಗೆ ಇಳಿಯದೆ ಓಡುತ್ತವೆ. ಹಸಿವಾದಾಗ ದೊಡ್ಡ ಪಾರ್ಕಿಂಗ್ ಇರುವಲ್ಲಿ ನಿಂತು, ಯಾವ ಊರಲ್ಲಾದರೂ ಸಿಗುವ ಗೋಬಿ ಮಂಚೂರಿ, ನಾರ್ತ್ ಇಂಡಿಯನ್ ತಾಲಿ ತಿಂದು ಗೋವಾಕ್ಕೆ ಹೋಗುತ್ತವೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಬೆಳಗಿನ ಬನ್ಸಿಗೆ ರಾತ್ರಿಯೇ ಹಿಟ್ಟು ಕಲಸುವ ಮನೆಗಳು ದಿನಕ್ಕೆ ನಾಲ್ಕು ಗಿರಾಕಿ ಕಡಿಮೆಯಾದರೂ ತಡೆಯಲಾರವು.

ಬರುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಕಾಸರಕೋಡದ ಬ್ಲೂ ಫ್ಲ್ಯಾಗ್ ಕಡಲತೀರ ನೋಡಿ, ಅಲ್ಲಿನ ಕಾಂಡ್ಲಾಕಾಡಿನ ನಡುವಿನ ಹಲಗೆದಾರಿಯಲ್ಲಿ ನಡೆಯಿರಿ, ಆಮೇಲೆ ಹೆದ್ದಾರಿಗೇ ಅಂಟಿಕೊಳ್ಳದೆ ಪೇಟೆಯೊಳಗೆ ಬನ್ನಿ. ರಿಕ್ಷಾದವರು ಎಲ್ಲಿ ಉಣ್ಣುತ್ತಾರೆ, ಬಸ್ಸಿನವರು ಎಲ್ಲಿ ಉಣ್ಣುತ್ತಾರೆ ಕೇಳಿ. ಮಧ್ಯಾಹ್ನ ಒಂದರೊಳಗೆ ಅಲ್ಲಿರಿ. ಒಂದೂವರೆಯ ಮೇಲೆ ಹೋದರೆ ಸಾರು ಸಿಗಬಹುದು, ಹುರಿದ ಬಂಗಡೆ ಸಿಗುವುದಿಲ್ಲ.